ಐದೂವರೆಗೆ ಹಾಕಿದ ಬಾಗಿಲು

ಹನ್ನೆರಡು ವರ್ಷದಿಂದ ನಮ್ಮ ಶಾಲೆಯ ಟೈಮ್ ಟೇಬಲ್ ಹಾಕುವವನು ನಾನು. ಯಾವ ಮೇಷ್ಟ್ರು ರಜೆ ಹಾಕಿದರೂ ಯಾವ ಪೀರಿಯಡ್ಡೂ ಖಾಲಿ ಹೋಗದ ಹಾಗೆ ಹೊಂದಿಸಿ ಹೊಂದಿಸಿ, ಹೊತ್ತನ್ನು ಹೇಗೆ ಬೇಕಾದರೂ ಮಡಚಬಹುದು ಎಂಬ ಜಂಬ ಬಂದುಬಿಟ್ಟಿತ್ತು. ಆದ್ದರಿಂದ ಜಪಾನಿಗೆ ಹೋಗುವುದು ಗಟ್ಟಿಯಾದಾಗ ಯಾರನ್ನೂ ಕೇಳಲಿಲ್ಲ, ಎಕ್ಸೆಲ್ ಹಾಳೆ ತೆರೆದು ಕೂತೆ. ಆರು ದಿನ, ಟೋಕಿಯೋ, ಹಿರೋಷಿಮಾ, ಕ್ಯೋಟೋ, ನಾರಾ, ಒಟ್ಟು ಹತ್ತೊಂಬತ್ತು ಜಾಗ. ರೈಲಿಗೆ ಹಳದಿ, ದೇವಾಲಯಕ್ಕೆ ಹಸಿರು. ಸ್ಟಾಫ್ ರೂಮಿನಲ್ಲಿ ಆ ಹಾಳೆಯ ಪ್ರತಿ ಕೇಳಿ ಇಸಿದುಕೊಂಡವರಿದ್ದರು.

ಜೊತೆಗೆ ಹೊರಟವರು ಅಮ್ಮ. ವಯಸ್ಸು 68, ಎರಡೂ ಮಂಡಿ ನೋವು. ಹಾಳೆಯಲ್ಲಿ ಅದಕ್ಕೊಂದು ಬಣ್ಣ ಇರಲಿಲ್ಲ.

ಅಮ್ಮ ಕೇಳಿದ್ದು ಒಂದೇ ಒಂದು. ನಾರಾದ ತೋದಾಯ್‌ಜಿಯ ದೊಡ್ಡ ಬುದ್ಧ. ಆ ಆಸೆ ಹುಟ್ಟಿಸಿದವನೂ ನಾನೇ. ಭಾರತದಿಂದ 736ರಲ್ಲಿ ಜಪಾನಿಗೆ ಹೋದ ಬೋಧಿಸೇನನೆಂಬ ಭಿಕ್ಷು 752ರಲ್ಲಿ ಆ ಬುದ್ಧನಿಗೆ ಕಣ್ಣು ಬರೆದ ಕತೆಯನ್ನು ಒಂದು ಸಂಜೆ ಹೇಳಿದ್ದೆ. ಕುಂಚಕ್ಕೆ ಉದ್ದುದ್ದ ದಾರ ಕಟ್ಟಿದ್ದರಂತೆ, ಸಿಂಹಾಸನ ಬಿಟ್ಟುಕೊಟ್ಟಿದ್ದ ಚಕ್ರವರ್ತಿ ಶೋಮುವಿನಿಂದ ಹಿಡಿದು ನೆರೆದವರೆಲ್ಲ ಆ ದಾರ ಹಿಡಿದು ನಿಂತಿದ್ದರಂತೆ ಎಂದಾಗ ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ನಮ್ಮ ತೇರಿನ ಮಿಣಿ ಮುಟ್ಟಿದ ಹಾಗೆ" ಅಂದಿದ್ದರು. ಆ ಕುಂಚ, ಆ ದಾರ ಇವತ್ತಿಗೂ ನಾರಾದ ಶೋಸೋಇನ್ ಭಂಡಾರದಲ್ಲಿವೆ.

ಇಷ್ಟು ಗೊತ್ತಿದ್ದೂ ನಾನು ನಾರಾಕ್ಕೆ ಕೊಟ್ಟದ್ದು ಸುತ್ತಾಟದ ಕೊನೆಯ ದಿನದ ಕೊನೆಯ ಪೀರಿಯಡ್. ಮಧ್ಯಾಹ್ನ 3ರಿಂದ 5.

ಮೊದಲ ತಪ್ಪು ಊರಲ್ಲೇ ಆಗಿತ್ತು. ಮೇಷ್ಟ್ರಿಗೆ ಬೇಸಿಗೆ ರಜೆ ಬಿಟ್ಟರೆ ಬೇರೆ ಗತಿಯಿಲ್ಲ, ಮೇ ಮೊದಲ ವಾರಕ್ಕೆ ಟಿಕೆಟ್ ಮಾಡಿಸಿದೆ. ಅದು ಜಪಾನಿನ 'ಗೋಲ್ಡನ್ ವೀಕ್'. ಏಪ್ರಿಲ್ 29, ಆಮೇಲೆ ಮೇ 3, 4, 5 ಸಾಲು ಸರ್ಕಾರಿ ರಜೆ, ಇಡೀ ದೇಶ ಬ್ಯಾಗು ಹೊತ್ತು ಹೊರಟಿರುತ್ತದೆ. ದಸರೆಯ ದಿನ ಮೈಸೂರು ಸಾವಕಾಶವಾಗಿ ನೋಡುತ್ತೇನೆಂದು ಹೊರಟವನ ಕತೆ ನನ್ನದು. ಎರಡನೆಯ ತಪ್ಪು ಹಿರೋಷಿಮಾ ಬಳಿಯ ಮಿಯಾಜಿಮಾ ದ್ವೀಪದಲ್ಲಿ. ಸಮುದ್ರದೊಳಗೆ ನಿಂತ ಕೆಂಪು ತೋರಿ ದ್ವಾರಕ್ಕಾಗಿ ಹೋದೆವು. ಭರತ ಇಳಿತ ನೋಡಿಕೊಂಡು ಹೋಗಬೇಕೆಂದು ಹೊಳೆದಿರಲಿಲ್ಲ, ದ್ವಾರ ಕೆಸರಿನಲ್ಲಿ ನಿಂತಿತ್ತು. ಇರಲಿ, ಕೆಸರಿನಲ್ಲೂ ಚೆನ್ನಾಗಿಯೇ ಇತ್ತು.

ಮೇ 4. ಬೆಳಿಗ್ಗೆ ಕ್ಯೋಟೋದ ಫುಷಿಮಿ ಇನಾರಿ, ಹಾಳೆಯ ಪ್ರಕಾರ ಒಂದು ಗಂಟೆ. ಅದು ದಿನದ 24 ಗಂಟೆಯೂ ತೆರೆದಿರುವ ದೇಗುಲ, ರಾತ್ರಿಯೂ ನೋಡಬಹುದಿತ್ತು. ಕೇಸರಿ ಕಮಾನುಗಳ ಕೆಳಗೆ ಜನ ನಡೆಯುತ್ತಿರಲಿಲ್ಲ, ತೆವಳುತ್ತಿದ್ದರು. ಮುಂದಿನ ಹೊತ್ತನ್ನೆಲ್ಲ ನಾನು ನಾರಾ ಕಡೆಗೆ ಹೋಗುವ ಫಾಸ್ಟ್ ರೈಲಿನ ಲೆಕ್ಕದಲ್ಲಿ ಹಾಕಿದ್ದೆ. ಆ ರೈಲು ಇನಾರಿ ನಿಲ್ದಾಣದಲ್ಲಿ ನಿಲ್ಲುವುದೇ ಇಲ್ಲ. ನಮ್ಮ ಮುಂದೆಯೇ ಭರ್ರೆಂದು ಹೋದದ್ದನ್ನು ನೋಡಿ, ಪ್ಯಾಸೆಂಜರ್ ಬರುವವರೆಗೆ ನಿಂತೆವು.

ಆಮೇಲೆ ಅದೇ ದಾರಿಯ ಉಜಿ ಎಂಬ ಊರು. ಅಲ್ಲಿನ ಬ್ಯೋದೋಇನ್ ದೇವಾಲಯದ ಫೀನಿಕ್ಸ್ ಮಂಟಪ 1053ರದ್ದು, ಜಪಾನಿನ 10 ಯೆನ್ ನಾಣ್ಯದ ಮೇಲಿರುವುದು ಅದೇ. ಕೊಳದ ಈಚೆ ನಿಂತು, ನಾಣ್ಯವನ್ನು ಬೆರಳಲ್ಲಿ ಹಿಡಿದು, ಹಿಂದೆ ಮಂಟಪ ಬರುವಂತೆ ಫೋಟೋ ತೆಗೆದೆ. ಐದು ನಿಮಿಷದ ಕೆಲಸ. ಅಲ್ಲಿಂದ ಹೊರಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಮಂಟಪದ ಒಳಕ್ಕೆ ಬೇರೆ ಚೀಟಿ, 50 ಜನರ ಒಂದೊಂದು ತಂಡ. ನಮಗೆ ಸಿಕ್ಕಿದ್ದು 2 ಗಂಟೆ 50 ನಿಮಿಷದ ಚೀಟಿ.

"ನೋಡಾಯ್ತಲ್ಲ, ಇನ್ನು ಅಲ್ಲಿಗೆ ಹೋಗೋಣ್ವೇನೋ?" ಅಂದರು ಅಮ್ಮ. "ಅಲ್ಲಿಗೆ" ಎಂದರೆ ಎಲ್ಲಿಗೆಂದು ಕೇಳುವ ಅಗತ್ಯವಿರಲಿಲ್ಲ.

"ಟೈಮ್ ಇದೆಯಮ್ಮ" ಅಂದೆ. ಇಷ್ಟು ದೂರ ಬಂದು ಒಳಗೆ ನೋಡದೆ ಹೋಗುವುದೇ? ಆ ಮಾತಿನ ಹಿಂದೆ ಭಕ್ತಿಯೂ ಇರಲಿಲ್ಲ, ಕಲೆಯ ಮೋಹವೂ ಇರಲಿಲ್ಲ. ಹಾಳೆಯಲ್ಲಿ ಟಿಕ್ ಹಾಕದ ಒಂದು ಖಾನೆ ಇತ್ತು, ಅಷ್ಟೆ. ಅಮ್ಮ ಬೆಂಚಿನ ಮೇಲೆ ಕೂತರು. ಜಪಾನಿನಲ್ಲಿ ಸಾರಿಗೂ ಒಣಮೀನಿನ ಚೂರು ಬೀಳುತ್ತದೆಂದು ಊರಿಂದಲೇ ತಂದಿದ್ದ ಗೊಜ್ಜವಲಕ್ಕಿ ಡಬ್ಬಿ ತೆಗೆದು, ನನಗೆ ಮುಚ್ಚಳದಲ್ಲಿ ಹಾಕಿಕೊಟ್ಟು, ತಾವು ಡಬ್ಬಿಯಲ್ಲೇ ತಿಂದರು. ಕೊನೆಗೆ ಮಂಟಪದೊಳಕ್ಕೆ ನಾನೊಬ್ಬನೇ ಹೋದೆ. ಮೆಟ್ಟಿಲು ಬೇಡವೆಂದು ಅವರು ಅಲ್ಲೇ ಉಳಿದರು.

ನಾರಾಕ್ಕೆ ಬಂದಿಳಿದಾಗ ಐದಕ್ಕೆ ಹತ್ತು ನಿಮಿಷ. ನಾವಿಳಿದ ಜೆಆರ್ ಕಂಪನಿಯ ನಿಲ್ದಾಣದಿಂದ ತೋದಾಯ್‌ಜಿ ದೂರ, ಕಿಂತೆತ್ಸು ಕಂಪನಿಯ ನಿಲ್ದಾಣ ಹತ್ತಿರ. ಇದನ್ನೂ ನಾನು ನೋಡಿರಲಿಲ್ಲ. ಬಸ್ಸಿಗೆ ಕ್ಯೂ, ಬಸ್ಸು ಹತ್ತಿದ ಮೇಲೆ ರಸ್ತೆಯಲ್ಲಿ ಕ್ಯೂ. ಇಳಿದು, ನಾಂದಾಯ್‌ಮೋನ್ ಎಂಬ ದಕ್ಷಿಣದ ಹೆಬ್ಬಾಗಿಲು ದಾಟುವಾಗ ಎರಡೂ ಬದಿಯಲ್ಲಿ ಎಂಟು ಮೀಟರಿಗೂ ಎತ್ತರದ ದ್ವಾರಪಾಲಕರು ನಿಂತಿದ್ದರು. 1203ರ ಮರದ ಕೆತ್ತನೆ. ತಲೆಯೆತ್ತಿ ನೋಡಲೂ ಇಲ್ಲ, ಅಮ್ಮನ ಕೈ ಹಿಡಿದು ಎಳೆದುಕೊಂಡೇ ಹೋದೆ. ಆ ಮಂಡಿಯಲ್ಲಿ ಅವರು ಓಡಿದರು.

ಬಾಗಿಲು ಹಾಕಿತ್ತು. ಕಾವಲಿನವರು ಎರಡು ತೋಳನ್ನೂ ಎದೆಯ ಮುಂದೆ ಅಡ್ಡ ಹಿಡಿದು, ಆಮೇಲೆ ಸೊಂಟ ಬಗ್ಗಿಸಿ ವಂದಿಸಿದರು. ಅಷ್ಟು ಮರ್ಯಾದೆಯಿಂದ ಇಲ್ಲವೆಂದು ಹೇಳಿಸಿಕೊಂಡದ್ದು ಅದೇ ಮೊದಲು. ಬೇಲಿಯಾಚೆ ಮಂಟಪದ ಹೆಂಚಿನ ಮಾಡು ಮಾತ್ರ ಕಾಣುತ್ತಿತ್ತು. ಹದಿನೈದು ಮೀಟರ್ ಎತ್ತರದ ಬುದ್ಧ ಅದರೊಳಗೆ ಕೂತಿದ್ದ.

"ನಾಳೆ ಬೆಳಿಗ್ಗೆ ತೆಗೀತಾರೇನೋ?" ಅಂದರು ಅಮ್ಮ.

ತೆಗೆಯುತ್ತಿದ್ದರು. ಆದರೆ ಬೆಳಿಗ್ಗೆ ಎಂಟಕ್ಕೆ ಕ್ಯೋಟೋದಿಂದ ಟೋಕಿಯೋ ರೈಲು, ಸಂಜೆ ನರಿತಾದಿಂದ ವಿಮಾನ. ಆ ವಾರ ನಾವು ಹತ್ತಬೇಕಿದ್ದ ನೊಝೋಮಿ ಬುಲೆಟ್ ರೈಲಿನಲ್ಲಿ ಬೋಗಿಗಳೆಲ್ಲ ರಿಸರ್ವ್. ಎಲ್ಲೂ ಒಂದು ಗಂಟೆಯ ಸಡಿಲ ಬಿಡದೆ ಬಿಗಿದು ಕಟ್ಟಿದವನು ನಾನೇ. ಮಾತು ಹೊರಡಲಿಲ್ಲ. ಜಿಂಕೆಯೊಂದು ಬಂದು ಅಮ್ಮನ ಸೆರಗಿಗೆ ಮೂತಿ ತಾಗಿಸಿತು. ಅವರು ಡಬ್ಬಿಗೆ ಕೈ ಹಾಕಹೋದವರು, ಅವಲಕ್ಕಿ ಹಾಕಬಾರದೇನೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

ಊರಿಗೆ ಬಂದ ಮೇಲೆ ಅಮ್ಮ ಯಾರಿಗೂ ಇದನ್ನು ಹೇಳಿಲ್ಲ. ಜಪಾನ್ ಹೇಗಿತ್ತು ಎಂದವರಿಗೆಲ್ಲ, "ಒಂದು ಕಸ ಇಲ್ಲ ಕಣ್ರೀ ರಸ್ತೆಲಿ" ಅನ್ನುತ್ತಾರೆ. ನಾಣ್ಯದ ಫೋಟೋ ನನ್ನ ಫೋನಿನಲ್ಲಿದೆ, ಅದರಲ್ಲಿ ಅಮ್ಮ ಇಲ್ಲ.

ನನ್ನ ಹಾಳೆ ಇಸಿದುಕೊಂಡವರು ದಯವಿಟ್ಟು ಅದನ್ನು ಅಳಿಸಿಹಾಕಿ. ಹಿರಿಯರನ್ನು ಕರೆದುಕೊಂಡು ಹೋಗುವುದಿದ್ದರೆ ಅವರು ಕೇಳಿದ ಜಾಗವನ್ನು ಮೊದಲ ದಿನಕ್ಕೆ ಬರೆಯಿರಿ, ನಾರಾದಲ್ಲೇ ಒಂದು ರಾತ್ರಿ ಉಳಿಯಿರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೋದಾಯ್‌ಜಿಯ ಬಾಗಿಲು ಬೆಳಿಗ್ಗೆ ಏಳೂವರೆಗೇ ತೆರೆಯುತ್ತದೆ.