ಮೂರು ಮನೆಯ ಫಜೀತಿ

ಭಾನುವಾರದ ಪದಬಂಧವನ್ನು ಬಿಡಿಸಿ ಮುಗಿಸುವವರೆಗೆ ನನಗೆ ಸ್ನಾನದ ನೆನಪಾಗುವುದಿಲ್ಲ. ಮೊನ್ನೆ ಅದರಲ್ಲೊಂದು ಸೂಚನೆಯಿತ್ತು: ‘ನಾಲ್ವರ ಮುಂದೆ ತಲೆ ತಗ್ಗಿಸುವಂತೆ ಮಾಡುವ ತಪ್ಪು’. ಮನೆಗಳು ಮೂರು. ಎಡವಟ್ಟು, ಅಚಾತುರ್ಯ ಇವೆರಡೂ ನಾಲ್ಕು ಮನೆಯ ಆಸಾಮಿಗಳಾದುದರಿಂದ ಬಾಗಿಲಲ್ಲೇ ನಿಂತವು. ಪ್ರಮಾದವೆಂದರೆ ಮೂಲದಲ್ಲಿ ಎಚ್ಚರಗೇಡಿತನ. ಅದಕ್ಕೆ ನಾಚಿಕೆಯ ಸೋಂಕು ಅಷ್ಟಾಗಿ ಇಲ್ಲ. ಆಭಾಸವು ಸಂಸ್ಕೃತದಲ್ಲಿ ಬರಿಯ ತೋರಿಕೆ. ಪಾಪ, ಕನ್ನಡಕ್ಕೆ ಬಂದ ಮೇಲೆ ಮಾನಗೆಟ್ಟಿತು. ಅದೇ ಸರಿಯೆಂದು ಶಾಯಿಯಿಂದಲೇ ಬರೆದುಬಿಟ್ಟೆ. ಆದರೆ ಕೊನೆಯ ಮನೆಯಿಂದ ಕೆಳಗಿಳಿಯುವ ಪದ ‘ಹಣ್ಣಿನ ಒಳಭಾಗ’, ಎಂದರೆ ತಿರುಳು. ‘ತಿ’ ಎಲ್ಲಿ, ‘ಸ’ ಎಲ್ಲಿ!

ಅಕ್ಕಿ ಆರಿಸುತ್ತಿದ್ದ ನನ್ನಾಕೆ ತಲೆಯೆತ್ತದೆ, “ಫಜೀತಿ ಅಂತ ಬರೀರಿ. ನಿಮಗ ಗೊತ್ತಿಲ್ಲದ ಮಾತೇನ್ರಿ ಅದು?” ಎಂದಳು.

ಅರಬ್ಬಿ ಮೂಲದ, ಉರ್ದುವಿನ ‘ಫಜೀಹತ್’ ಎಂದರೆ ಅವಮಾನ. ಅದೇ ಮರಾಠಿಯಲ್ಲಿ ಫಜಿತಿ, ನಮ್ಮಲ್ಲಿ ಫಜೀತಿ. ಬೀದರ ಸೀಮೆಯ ಮಾತೆಲ್ಲ ಹೀಗೆಯೇ, ಮೂರು ಬಾಯಿಗಳಲ್ಲಿ ಸವೆದದ್ದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಹೊರಗಿನ ಸೂಚನೆಯೊಂದು, ಒಳಗಿನ ಉತ್ತರವೊಂದು. 1956ರಲ್ಲಿ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋಗಿ, ಔರಾದ ಮೈಸೂರಿಗೆ ಬಂತು. ಆದರೂ ಔರಾದಿನ ಎಷ್ಟೋ ಮನೆಗಳಲ್ಲಿ ಮರಾಠಿಯೇ ಉಳಿಯಿತು. ನನ್ನ ಅತ್ತೆಯವರ ಮನೆಯೂ ಅಂಥದೊಂದು.

ಮದುವೆಯಾದ ಮೊದಲ ದೀಪಾವಳಿ. ಸಂಜೆ ಆ ಮನೆಯಲ್ಲಿ ಭಜನೆ ನಡೆದು ಊಟಕ್ಕೆ ಬಹಳ ಹೊತ್ತಾಯಿತು. ಬೀದರ ಪೇಟೆಯಲ್ಲಿ ಬೆಳೆದ ನನಗೆ ಮರಾಠಿ ಬರುತ್ತಿದ್ದುದು ಅಷ್ಟಕ್ಕಷ್ಟೆ. ಹಸಿದು ಮೌನವಾಗಿ ಕುಳಿತಿದ್ದೆ. ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಬಂದು, “ಜಾವಯಿಬಾಪು, ರಾಗ ಆಲಾ ಕಾ?” ಎಂದು ಕೇಳಿದರು. ಭಜನೆಯ ಗುಂಗಿನಲ್ಲಿದ್ದ ನಾನು, ನನಗೆ ಸಂಗೀತ ಬರುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆಂದು ತಿಳಿದೆ. “ಥೋಡಾ ಥೋಡಾ ಯೇತೋ” ಎಂದು ವಿನಯದಿಂದ ನುಡಿದು, ಹಾಡಿಸಿದರೂ ಹಾಡಿಸಿಯಾರೆಂದು ಗಂಟಲನ್ನೂ ಸರಿಮಾಡಿಕೊಂಡೆ.

ಮರಾಠಿಯಲ್ಲಿ ರಾಗವೆಂದರೆ ಸಿಟ್ಟು.

ಒಳಗೆ ಹೋದ ಅತ್ತೆ ಮತ್ತೆ ಹೊರಗೆ ಬರಲಿಲ್ಲ. ಹೋಳಿಗೆಯನ್ನು ಮೈದುನ ಬಡಿಸಿದ. ರಾತ್ರಿ ನನ್ನಾಕೆ ಅರ್ಥ ಬಿಡಿಸಿ ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬಳಿಕ ಮೆಲ್ಲಗೆ, “ಆಯಿ ಅಳ್ತಾ ಕುಂತಾಳ. ಮುಂಜಾನೆ ನೀವೇ ಹೇಳ್ರಿ” ಎಂದಳು. ನಾನು ಹೇಳಲಿಲ್ಲ. ಹೊಸ ಅಳಿಯನಿಗೆ ಸಿಟ್ಟಿನವನೆಂಬ ಹೆಸರಾದರೂ ಬರಲಿ, ಪೆದ್ದನೆಂಬ ಹೆಸರು ಬೇಡವೆಂದು ಲೆಕ್ಕ ಹಾಕಿದೆ. ಆಕೆಯ ಬಾಯಿಗೂ ಬೀಗ ಹಾಕಿಸಿದೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನನ್ನ ಊಟ ಎಂದೂ ತಡವಾಗಲಿಲ್ಲ. ಬಸ್ಸಿನಿಂದಿಳಿದು ಬಂದು ಕಾಲು ತೊಳೆಯುವಷ್ಟರಲ್ಲಿ ತಟ್ಟೆ ಸಿದ್ಧ. ಅತ್ತೆ ಬಾಗಿಲ ಮರೆಯಲ್ಲಿ ನಿಂತು ನನ್ನ ಹುಬ್ಬನ್ನೇ ನೋಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, ಹೇಳಿಯೇಬಿಡುವೆನೆಂದು ಮನಸ್ಸು ಗಟ್ಟಿಮಾಡಿಕೊಂಡು ಹೋದೆ. ಆ ಹೊತ್ತಿಗೆ ಅವರ ಕಿವಿ ಪೂರ್ತಿ ಮಂದವಾಗಿತ್ತು. ಹತ್ತಿರ ಕುಳಿತು, ಅಂದು ನನಗೆ ರಾಗ ಬಂದಿರಲಿಲ್ಲವೆಂದು ಅವರ ಮರಾಠಿಯಲ್ಲೇ ಕೂಗಿ ಹೇಳಿದೆ. ‘ರಾಗ’ ಎಂಬುದೊಂದೇ ಅವರಿಗೆ ಕೇಳಿಸಿತೆಂದು ಕಾಣುತ್ತದೆ. ಗಾಬರಿಯಿಂದೆದ್ದು, ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ನಡೆದು, ಬೆಳಗಿನ ಹತ್ತು ಗಂಟೆಗೆ ನನಗೆ ತಟ್ಟೆಯಿಟ್ಟರು.