ಕುಮಾರಪರ್ವತ: ಹತ್ತುವ ಮೊದಲು ಇಳಿಯುವ ಲೆಕ್ಕ

ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು, ದೇವರ ದರ್ಶನ ಮಾಡಿ, ಊಟ ಮುಗಿಸಿ ಮರಳುವ ಭಕ್ತರಲ್ಲಿ ಹೆಚ್ಚಿನವರು ಊರಿನ ಬೆನ್ನಿಗೆ ಮುಗಿಲು ಹೊದ್ದು ನಿಂತ ಬೆಟ್ಟವನ್ನು ದೂರದಿಂದಲೇ ಕಂಡು ಕೈಮುಗಿದು ತೃಪ್ತರಾಗುತ್ತಾರೆ. ಪುತ್ತೂರು, ಸುಳ್ಯದ ಕಾಲೇಜು ಹುಡುಗ ಹುಡುಗಿಯರಿಗೆ ಅಷ್ಟು ಸಾಲದು. ಮಳೆ ನಿಂತು ಆಕಾಶ ತಿಳಿಯಾಗುತ್ತಲೇ ಹಾಸ್ಟೆಲಿನ ಕೋಣೆಗಳಲ್ಲಿ 'ಕುಮಾರಪರ್ವತ'ದ ಮಾತು ಏಳುತ್ತದೆ. ಮನೆಯಲ್ಲಿ ಅಪ್ಪ ಅಮ್ಮನ ಹಣೆಯ ಗೆರೆಗಳೂ ಆಗಲೇ ಏಳುತ್ತವೆ.

ಇಬ್ಬರ ಪಾಲಿಗೂ ನ್ಯಾಯವಿದೆ. ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದ ಈ ಶಿಖರಕ್ಕೆ ಪುಷ್ಪಗಿರಿ ಎಂಬ ಹೆಸರೂ ಉಂಟು. ಕೊಡಗಿನ ಕಡೆ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರ. ಆದರೆ ಎತ್ತರಕ್ಕಿಂತ ದೊಡ್ಡ ಸಂಗತಿ ಏರಿಕೆಯದು. ಘಟ್ಟದ ಮೇಲಿನ ಅನೇಕ ಬೆಟ್ಟಗಳಲ್ಲಿ ವಾಹನವೇ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ತುದಿಗೆ ಸುಮಾರು 13 ಕಿಲೋಮೀಟರ್ ದಾರಿ, ಸುಮಾರು 1,600 ಮೀಟರ್ ಏರಿಕೆ. ಅಷ್ಟನ್ನೂ ಸ್ವಂತ ಕಾಲಿನಲ್ಲೇ ಗಳಿಸಬೇಕು.

ಹಿಂದಿನವರು ಇದನ್ನು ಎರಡು ದಿನದ ಚಾರಣ ಮಾಡಿಕೊಂಡಿದ್ದರು. ಗಿರಿಗದ್ದೆಯಲ್ಲಿ 'ಭಟ್ಟರ ಮನೆ'ಯ ಬಿಸಿ ಊಟ ಉಂಡು, ಅಲ್ಲೇ ಮಲಗಿ, ಬೆಳಗಾಗುವಾಗ ಮೇಲಕ್ಕೆ ಹೊರಡುತ್ತಿದ್ದರು. ಊರಿನ ಅಣ್ಣಂದಿರು, ಮಾವಂದಿರು ಹೇಳುವ ಸಲಹೆಯೆಲ್ಲ ಆ ಕಾಲದ್ದು. ಈಗ ಶಿಖರದಲ್ಲಿ ಡೇರೆ ಹೂಡುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ರಜೆ ಒಟ್ಟಾಗಿ ಬಂದಾಗ ಗಿರಿಗದ್ದೆಯ ಅರಣ್ಯ ಇಲಾಖೆ ಚೌಕಿಯ ಮುಂದೆ ಸಾವಿರಕ್ಕೂ ಮಿಕ್ಕಿ ಜನ ಸಾಲುಗಟ್ಟಿದರು. ಆ ಚಿತ್ರಗಳು ನಾಡೆಲ್ಲ ಹರಿದಾಡಿ, ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆಮೇಲೆ ಬಂದದ್ದು ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಕಾದಿರಿಸುವ, ದಿನಕ್ಕೆ ಇಷ್ಟೇ ಮಂದಿ ಎಂಬ ಏರ್ಪಾಡು. ಹೀಗಾಗಿ ಯೋಜನೆಯ ಮೊದಲ ಹೆಜ್ಜೆ ಬೆಟ್ಟದಲ್ಲಿ ಅಲ್ಲ, ಆ ಜಾಲತಾಣದಲ್ಲಿ. ಟಿಕೆಟ್ ಇಲ್ಲದೆ ಕುಕ್ಕೆಯ ತನಕ ಬಂದು ಪರಿಚಯದವರ ಹೆಸರು ಹೇಳುವುದರಿಂದ ಪ್ರಯೋಜನವಿಲ್ಲ.

ಎರಡನೆಯ ಹೆಜ್ಜೆ ಗಡಿಯಾರ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದಾನೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಮಾರಪರ್ವತಕ್ಕೆ ಹಾಕಿ ನೋಡಿದರೆ ದೂರಕ್ಕೆ ಎರಡೂವರೆ ಗಂಟೆ, ಏರಿಕೆಗೆ ಇನ್ನೊಂದು ಎರಡೂವರೆಗಿಂತ ಸ್ವಲ್ಪ ಹೆಚ್ಚು. ಅಂದರೆ ಎಲ್ಲೂ ಕೂರದೆ ಐದೂಕಾಲು ಗಂಟೆ. ಕೂರದೆ ಇರುವವರು ಯಾರು? ನೀರು, ತಿಂಡಿ, ಫೋಟೊ, ಹಿಂದುಳಿದ ಗೆಳೆಯ, ಎಲ್ಲ ಸೇರಿ ಗಟ್ಟಿ ಕಾಲಿನವರಿಗೆ ಆರು ಗಂಟೆ, ಉಳಿದವರಿಗೆ ಏಳು. ಇಳಿಯಲು ಐದು ಗಂಟೆ ಇರಲಿ. ಸೋತ ಮೊಣಕಾಲು ಇಳಿಜಾರಿನಲ್ಲಿ ಓಡುವುದಿಲ್ಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಆರೂವರೆಗೆ ಹೊರಟವರು ಒಂದೂವರೆಗೆ ತುದಿ ತಲುಪಿದರೆ ಕೆಳಗೆ ಬರುವಾಗ ಸಂಜೆ ಆರೂವರೆ. ಸೂರ್ಯ ಮುಳುಗುವುದು ಆರರ ಸುಮಾರಿಗೆ. ದಟ್ಟ ಕಾಡಿನೊಳಗೆ ಕತ್ತಲು ಅದಕ್ಕಿಂತ ಮೊದಲೇ ಬರುತ್ತದೆ. ಕಾಡಿನ ಆ ತುಂಡು ದಿನದ ಕೊನೆಗೇ ಎದುರಾಗುವಂಥದು.

ಆದ್ದರಿಂದ ಹೊರಡುವ ಮೊದಲೇ ತಂಡ ಒಂದು ಗಂಟೆಯನ್ನು ಗೊತ್ತುಮಾಡಿಕೊಳ್ಳಬೇಕು. ಮಧ್ಯಾಹ್ನ ಹನ್ನೆರಡೂವರೆ ಎಂದಿರಲಿ. ಆಗ ಎಲ್ಲಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಈ ಮಾತು ಮನೆಯ ಚಾವಡಿಯಲ್ಲಿ ಸುಲಭ, ಬೆಟ್ಟದ ಮೇಲೆ ಬಲು ಕಷ್ಟ.

ಯಾಕೆ ಕಷ್ಟ ಎನ್ನುವುದು ದಾರಿಯನ್ನು ನೋಡಿದರೆ ತಿಳಿಯುತ್ತದೆ. ದೇವರಗದ್ದೆ ದಾಟಿ ಕಾಡು ಹೊಕ್ಕರೆ ಬೇರುಗಳ ಮೇಲೆ ಬೇರು, ಭೀಮನ ಬಂಡೆ, ಮತ್ತೆ ಕಾಡು. ಒಂಬತ್ತರೊಳಗೆ ಗಿರಿಗದ್ದೆ ಸಿಕ್ಕರೆ ಲೆಕ್ಕ ಸರಿಯಿದೆ. ಹತ್ತಾದರೆ ಶಿಖರದ ಆಸೆ ಅಲ್ಲೇ ಬಿಡುವುದು ಲೇಸು. ಯಾಕೆಂದರೆ ಹೆಚ್ಚಿನ ಏರಿಕೆ ಇನ್ನೂ ಬಾಕಿ. ಮುಂದೆ ನೆರಳೆಂಬುದಿಲ್ಲದ ಹುಲ್ಲುಗುಡ್ಡೆ, ಬಿಸಿಲು ನೇರ ನೆತ್ತಿಗೆ. ಕಲ್ಲುಮಂಟಪದ ಬಳಿ ನೀರಿದ್ದರೂ ಬೇಸಿಗೆಯತ್ತ ಹೋದಂತೆ ಅದನ್ನು ನಂಬುವಂತಿಲ್ಲ. ಇನ್ನೂ ಏರಿದರೆ ಶೇಷಪರ್ವತ. ಅಲ್ಲಿ ನಿಂತವರಿಗೆ ಕುಮಾರಪರ್ವತ ಕೈಗೆಟುಕುವಂತೆ ಕಾಣುತ್ತದೆ. 'ಇಷ್ಟು ಬಂದು ಬಿಟ್ಟು ಹೋಗುವುದೇ?' ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಆದರೆ ನಡುವೆ ಶೋಲಾ ಕಾಡಿನ ತಗ್ಗಿಗೆ ಇಳಿದು, ನುಣುಪು ಬಂಡೆಯನ್ನು ಕೈಕಾಲು ಊರಿ ಹತ್ತಬೇಕು. ಬರುವಾಗ ಶೇಷಪರ್ವತವನ್ನು ಇನ್ನೊಮ್ಮೆ ಏರಬೇಕು. ಕಣ್ಣಿಗೆ ಹತ್ತಿರ, ಕಾಲಿಗೆ ದೂರ.

ಅಪಾಯವೂ ಹೆಚ್ಚಾಗಿ ಇಳಿಯುವವರನ್ನೇ ಹುಡುಕಿಕೊಂಡು ಬರುತ್ತದೆ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ಮರಳುವಾಗ ಗೆಳೆಯರಿಂದ ಬೇರೆಯಾಗಿ ಕಾಡುಪಾಲಾದ. ಹುಡುಕಾಟ ನಡೆದು, ಎರಡು ದಿನದ ಬಳಿಕ ಆತ ಜೀವಂತವಾಗಿ ಊರು ಸೇರಿದ್ದು ಅದೃಷ್ಟ. ಮುಂದೆ ಓಡುವವನಿಗೆ ಬಹುಮಾನವಿಲ್ಲ. ಅತಿ ನಿಧಾನದ ಕಾಲು ಯಾರದೋ ಅವರ ಹಿಂದೆ ಒಬ್ಬ ಗಟ್ಟಿಗ ಇರಲೇಬೇಕು.

ದಿನದ ಆಯ್ಕೆಯಲ್ಲೂ ಜಾಣತನ ಬೇಕು. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಹುಲ್ಲು ಒಣಗಿ ಕಾಡುಗಿಚ್ಚಿನ ಭಯ ಬಂದಾಗ ಮತ್ತೆ ಮುಚ್ಚುತ್ತದೆ. ಅಕ್ಟೋಬರಿನಲ್ಲಿ ಬೆಟ್ಟ ಹಸಿರಾಗಿರುತ್ತದೆ, ಇಂಬಳಗಳೂ ಎಚ್ಚರವಾಗಿರುತ್ತವೆ. ಅದಕ್ಕಿಂತ ಹೆದರಬೇಕಾದದ್ದು ಆ ದಿನಗಳ ಮಧ್ಯಾಹ್ನದ ಗುಡುಗಿಗೆ. ಬಯಲು ಹುಲ್ಲುಗುಡ್ಡೆಯಲ್ಲಿ ಸಿಡಿಲಿಗೆ ಅತಿ ಎತ್ತರದ ವಸ್ತು ಮನುಷ್ಯನೇ. ಹನ್ನೆರಡೂವರೆಯ ನಿಯಮಕ್ಕೆ ಇದು ಇನ್ನೊಂದು ಕಾರಣ. ಚಂಪಾಷಷ್ಠಿಯ ಜಾತ್ರೆಯ ಹೊತ್ತಿಗೆ ಕುಕ್ಕೆಯಲ್ಲಿ ಕಾಲಿಡಲು ಜಾಗವಿರದು, ಕೋಣೆ ಕೇಳಲೇಬೇಡಿ.

ಚೀಲದಲ್ಲಿ ತಲೆಗೆ ಮೂರು ಲೀಟರ್ ನೀರು, ಬಾಳೆಹಣ್ಣು, ಚಪಾತಿ, ಬೆಲ್ಲ, ಟೊಪ್ಪಿ, ಟಾರ್ಚು, ಬಟ್ಟೆಗಂಟಿನಲ್ಲಿ ಉಪ್ಪು. ಗಿರಿಗದ್ದೆಯ ಊಟವನ್ನು ನೆಚ್ಚಿ ಹೊರಡುವುದು ಬೇಡ. ಹಳೆಯ, ಕಾಲಿಗೆ ಒಗ್ಗಿದ ಬೂಟಿರಲಿ. ಚಾರಣಕ್ಕೆಂದೇ ಕೊಂಡ ಹೊಸ ಬೂಟು ಭೀಮನ ಬಂಡೆಗೆ ಮುಟ್ಟುವ ಮೊದಲೇ ಹಿಮ್ಮಡಿ ಸುಲಿಯುತ್ತದೆ. ಒಂದು ತಿಂಗಳು ಮುಂಚೆ ಪುತ್ತೂರಿನವರಿಗೆ ಬೀರಮಲೆ ಗುಡ್ಡೆ ಇದ್ದೇ ಇದೆ. ಭಾರದ ಚೀಲ ಹೊತ್ತು ಒಂದೇ ಬೆಳಿಗ್ಗೆ ಅದನ್ನು ಮೂರು ನಾಲ್ಕು ಸಲ ಹತ್ತಿಳಿಯಲಾಗದವರು ಈ ವರ್ಷ ಕಲ್ಲುಮಂಟಪದ ತನಕ ಹೋಗಿ ಬಂದರೆ ಸಾಕು. ಅಲ್ಲಿನ ನೋಟಕ್ಕೇನೂ ಕೊರತೆಯಿಲ್ಲ.

ಇನ್ನು ಹೆತ್ತವರು. 'ಬೇಡ' ಎಂದರೆ ಸುಳ್ಳು ಹೇಳಿ ಹೋಗುವ ವಯಸ್ಸದು. 'ಬೇಡ' ಎನ್ನುವ ಬದಲು ಒಂದು ಚೀಟಿ ಬರೆಸಿಕೊಳ್ಳಿ: ಜತೆಗಾರರ ಹೆಸರು ಮತ್ತು ನಂಬರು, ಹೊರಡುವ ಗಂಟೆ, ತಿರುಗುವ ಗಂಟೆ, ಕೆಳಗೆ ಬಂದು ಫೋನು ಮಾಡುವ ಗಂಟೆ. ಮೊಬೈಲು ಮೇಲೆ ಎಲ್ಲ ಕಡೆ ಮಾತಾಡುವುದಿಲ್ಲ. ನಡುವೆ ಸುದ್ದಿಯಿಲ್ಲವೆಂದು ಗಾಬರಿ ಬೇಡ, ಕೊನೆಯ ಗಂಟೆ ದಾಟಿದರೆ ಮಾತ್ರ ಸುಮ್ಮನೆ ಕೂರುವುದು ಬೇಡ. ಸಾಧ್ಯವಾದರೆ ಶನಿವಾರಕ್ಕೇ ಟಿಕೆಟ್ ಮಾಡಿಸಲಿ. ಬೆಟ್ಟ ಇಳಿದ ಮರುದಿನ ಮನೆಯ ಮೂರು ಮೆಟ್ಟಿಲೂ ಗೋಡೆ ಹಿಡಿದೇ ಇಳಿಯಬೇಕಾಗುತ್ತದೆ, ಮತ್ತು ಸೋಮವಾರ ತರಗತಿ ಇರುತ್ತದೆ.