ಮದ್ದು ಸೇರಬೇಕಾದ ಠಾವು

ಔಷಧವೆಂದೊಡನೆ ನಮಗೆ ನೆನಪಾಗುವುದು ಕಹಿ ಮಾತ್ರೆ, ಇಲ್ಲವೆ ಸೂಜಿ. ಮೈಗೆ ಲೇಪಿಸುವ ಮದ್ದೂ ಉಸಿರಿನೊಡನೆ ಸೇವಿಸುವ ಮದ್ದೂ ಇವೆ. ಇವು ನೋಡಲು ಸುಲಭ. ಆದುದರಿಂದಲೇ ಇವುಗಳ ವಿಷಯದಲ್ಲಿ ಉದಾಸೀನವೂ ಹೆಚ್ಚು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ದಾದಿಯಾಗಿ ದುಡಿದ ನನಗೆ ಮನವರಿಕೆಯಾದ ಮಾತೊಂದಿದೆ: ಮದ್ದು ಒಳ್ಳೆಯದಾದರೆ ಸಾಲದು, ಅದು ಸೇರಬೇಕಾದ ಠಾವನ್ನು ಸೇರಬೇಕು.

ಮುಲಾಮನ್ನೇ ತೆಗೆದುಕೊಳ್ಳಿ. ಮೊದಲು ಹಳೆಯ ಲೇಪವನ್ನು ಮೆಲ್ಲನೆ ಒರೆಸಿ ಚರ್ಮವನ್ನು ಶುಚಿಗೊಳಿಸಬೇಕು. ದಾದಿಯು ಕೈಗವಸು ತೊಡುವುದು ಸೋಂಕಿನ ಭಯದಿಂದ ಮಾತ್ರವಲ್ಲ. ರೋಗಿಯ ಮದ್ದು ಚರ್ಮದ ಮೂಲಕ ಅವಳ ಮೈಯನ್ನೂ ಸೇರೀತು. ಸ್ಟೀರಾಯ್ಡ್ ಮುಲಾಮಾದರೆ ಅಳತೆಗೆ ಬೆರಳೇ ಸಾಕು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಲುತ್ತದೆ. ದಪ್ಪನಾಗಿ ಬಹುಕಾಲ ಬಳಿದರೆ ಚರ್ಮವೇ ತೆಳುವಾದೀತು.

ಉಸಿರಿನ ಮದ್ದು ಇನ್ನೂ ಸೂಕ್ಷ್ಮ. ಹೋಟೆಲಿನ ಒಲೆಯ ಮುಂದೆ ಆಯುಷ್ಯವನ್ನೇ ಸವೆಸಿದ್ದ ಕುಂದಾಪುರದ ಕಡೆಯ ವೃದ್ಧರೊಬ್ಬರು ಉಬ್ಬಸದಿಂದ ನಮ್ಮ ವಾರ್ಡಿಗೆ ಬಂದಿದ್ದರು.

“ಈ ಪಂಪಿನಿಂದ ಏನೂ ಪ್ರಯೋಜನವಿಲ್ಲ ಮಗಳೇ, ಇನ್ನು ಬಿಟ್ಟೇಬಿಡುತ್ತೇನೆ” ಎಂದರು.

“ಹೇಗೆ ಎಳೆಯುತ್ತೀರಿ, ಒಮ್ಮೆ ತೋರಿಸಿ ಅಜ್ಜಾ” ಎಂದೆ.

ಅವರು ಮೊದಲು ಒತ್ತಿ, ಅನಂತರ ಉಸಿರೆಳೆದರು. ಮದ್ದೆಲ್ಲ ನಾಲಗೆಯ ಮೇಲೆಯೇ ಉಳಿಯಿತು! ಬಳಸುವ ಕ್ರಮವನ್ನು ಅವರಿಗೆ ಹಿಂದೆ ಹೇಳಿಕೊಟ್ಟಿದ್ದರು. ಆದರೆ ಅವರಿಗೆ ಸರಿಯಾಗಿ ತಿಳಿಯದ ಭಾಷೆಯಲ್ಲಿ. ನಾನು ಕನ್ನಡದಲ್ಲಿ ಒಂದೊಂದಾಗಿ ಹೇಳಿದೆ: ಚೆನ್ನಾಗಿ ಅಲ್ಲಾಡಿಸಿ, ಉಸಿರನ್ನು ಪೂರ್ತಿ ಹೊರಬಿಡಿ, ತುಟಿಗಳಿಂದ ಬಿಗಿಯಾಗಿ ಹಿಡಿಯಿರಿ, ನಿಧಾನವಾಗಿ ಉಸಿರೆಳೆಯತೊಡಗುತ್ತಲೇ ಒತ್ತಿ, 10 ಎಣಿಸುವವರೆಗೆ ಉಸಿರು ಹಿಡಿಯಿರಿ. ಅವರ ಕೈ ನಡುಗುತ್ತಿದ್ದುದರಿಂದ, ಮದ್ದಿನ ತುಂತುರನ್ನು ಕ್ಷಣಕಾಲ ಹಿಡಿದಿಡುವ ‘ಸ್ಪೇಸರ್’ ಎಂಬ ಕೊಳವೆಯನ್ನೂ ಜೋಡಿಸಿದೆವು. ಸ್ಟೀರಾಯ್ಡ್ ಎಳೆದ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಿಹುಣ್ಣು ಬರಬಹುದೆಂದೂ ತಿಳಿಸಿದೆ. ಕೆಲವು ದಿನಗಳಲ್ಲಿ ಅವರು ದಿಂಬಿಗೊರಗದೆ ಮಲಗುವಂತಾದರು. “ಮದ್ದು ಬದಲಾಯಿಸಿದಿರೋ?” ಎಂದು ಕೇಳಿದರು. ಮದ್ದು ಅದೇ ಆಗಿತ್ತು.

ಈ ಪುಟ್ಟ ಸಾಧನದ ಹುಟ್ಟಿನಲ್ಲಿ ನಿಮ್ಮ ವಯಸ್ಸಿನ ಹುಡುಗಿಯೊಬ್ಬಳ ಪಾಲಿದೆ. 1955ರಲ್ಲಿ ಅಮೆರಿಕೆಯ ರೈಕರ್ ಔಷಧ ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೇಸನ್ನರ 13 ವರ್ಷದ ಮಗಳು, ತನ್ನ ಉಬ್ಬಸದ ಮದ್ದನ್ನೂ ತುಂತುರು ಡಬ್ಬಿಯಲ್ಲಿ ಏಕೆ ತುಂಬಬಾರದೆಂದು ತಂದೆಯನ್ನು ಕೇಳಿದಳು. ಮರುವರ್ಷವೇ, 1956ರಲ್ಲಿ, ಒತ್ತಿದೊಡನೆ ಗೊತ್ತಾದ ಅಳತೆಯ ಮದ್ದನ್ನು ಬಿಡುವ ಇನ್ಹೇಲರ್ ಬಳಕೆಗೆ ಬಂದಿತು.

ಆದರೂ ಇಂದಿಗೂ ಅದನ್ನು ನಾಚಿಕೆಯಿಂದ ಪಾಟಿಚೀಲದಲ್ಲಿ ಅಡಗಿಸಿಡುವ ಮಕ್ಕಳುಂಟು. ಕನ್ನಡಕ ಧರಿಸುವುದು ನಾಚಿಕೆಯಲ್ಲವಾದರೆ ಇದೂ ಅಲ್ಲ. ಪಕ್ಕದ ಗೆಳೆಯನು ಅದನ್ನು ಹೊರತೆಗೆದರೆ ನಗಬೇಡಿರಿ. ಮನೆಯಲ್ಲಿ ಅಜ್ಜ ಅಜ್ಜಿಯರು ಇಂತಹ ಮದ್ದು ಬಳಸುತ್ತಿದ್ದರೆ, ವೈದ್ಯರು ತಿಳಿಸಿದ ಕ್ರಮವನ್ನು ಅವರ ಬಳಿ ಕುಳಿತು ಕನ್ನಡದಲ್ಲಿ ಓದಿ ಹೇಳಿರಿ. ಅದೂ ಶುಶ್ರೂಷೆಯೇ.